ಅಮೆರಿಕದ ಹುಲ್ಲುಗಾವಲಿನಲ್ಲಿ ಹಕ್ಕಿಬೇಟೆ: ಮೊದಲು ನಾಯಿಯ ಕಾಲು, ಆಮೇಲೆ ಕ್ಯಾಲೆಂಡರ್

ಎರಡು ವಾರ ಹಕ್ಕಿಬೇಟೆಗೆ ಹೊರಡುತ್ತೇನೆ ಎನ್ನುವವರೆಲ್ಲ ಮೊದಲು ಎತ್ತುವುದು ಕೋವಿಯ ಮಾತು. ಹನ್ನೆರಡು ಬೋರೋ ಇಪ್ಪತ್ತು ಬೋರೋ, ಜೋಡುನಳಿಗೆ ಮೇಲೆ-ಕೆಳಗೋ ಪಕ್ಕ-ಪಕ್ಕವೋ, ಚರೆ ಎಷ್ಟನೇ ನಂಬರಿನದು ಎಂದು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ಅದು ಕಟ್ಟಕಡೆಯ ಪ್ರಶ್ನೆ. ಉತ್ತರ ಡಕೋಟ, ದಕ್ಷಿಣ ಡಕೋಟ, ಮೊಂಟಾನಾ ರಾಜ್ಯಗಳ ಹುಲ್ಲುಗಾವಲಿನಲ್ಲಿ ಬೇಟೆ ಮುಗಿಯುವುದು ತೋಟೆ ಖಾಲಿಯಾದಾಗ ಅಲ್ಲ, ರಜೆ ತೀರಿದಾಗಲೂ ಅಲ್ಲ. ನಾಯಿ ಕುಂಟಲು ಶುರುಮಾಡಿದಾಗ. ಅಂಗಾಲು ಕಿತ್ತುಹೋದ ನಾಯಿಯನ್ನು ನಾಲ್ಕನೆಯ ದಿನಕ್ಕೇ ಮೋಟೆಲಿನಲ್ಲಿ ಮಲಗಿಸಿ, ಉಳಿದ ದಿನವೆಲ್ಲ ಒಬ್ಬರೇ ಹುಲ್ಲು ತುಳಿಯುತ್ತಾ ತಿರುಗುವವರನ್ನು ಪ್ರತಿ ಹಂಗಾಮಿನಲ್ಲೂ ನೋಡುತ್ತೇನೆ. ಅವರ ಕೋವಿಗಳು ಮಾತ್ರ ಬಹಳ ಚೆನ್ನಾಗಿರುತ್ತವೆ.

ನನ್ನದು ಬ್ರಿಟನಿ ತಳಿಯ ಹೆಣ್ಣು ನಾಯಿ, ಹೆಸರು ಚೆನ್ನಿ. ಹಕ್ಕಿಯ ವಾಸನೆ ಸಿಕ್ಕಿದ ಕಡೆ ಕದಲದೆ ನಿಂತು ಮೂಗಿನಿಂದಲೇ ದಿಕ್ಕು ತೋರಿಸುವ ಜಾತಿ. ಲ್ಯಾಬ್ರಡಾರ್, ಸ್ಪ್ರಿಂಗರ್ ಸ್ಪ್ಯಾನಿಯಲ್‌ಗಳು ನಿಲ್ಲುವುದಿಲ್ಲ. ಹತ್ತಿರದಲ್ಲೇ ಹುಡುಕಿ ಹಕ್ಕಿಯನ್ನು ಎಬ್ಬಿಸುತ್ತವೆ. ಬೇಟೆಯ ರೀತಿ ಬೇರೆಯಾದರೂ ತಯಾರಿಯ ಮಟ್ಟಿಗೆ ಎರಡಕ್ಕೂ ಹೇಳುವುದು ಒಂದೇ. ಊರಿನಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ಮಾತ್ರ ಒಂದು ಸೂಚನೆ: ಇದು ಅಲ್ಲಿ ಪ್ರಯೋಗಿಸುವ ವಿದ್ಯೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಾಡಿನಲ್ಲಿ ಗೌಜಲಹಕ್ಕಿ ಹೊಡೆದರೂ ಅಪರಾಧ, ಕಾಡುಕೋಳಿ ಹೊಡೆದರೂ ಅಪರಾಧ.

ಜುಲೈಯಿಂದಲೇ ಓಟ

ಸೆಪ್ಟೆಂಬರ್ ಕೊನೆಗೆ ಹೊರಡುವುದಾದರೆ ನಾಯಿಯ ಕೆಲಸ ಜುಲೈಯಲ್ಲೇ ಶುರುವಾಗಬೇಕು. ಬೇಸಿಗೆಯನ್ನೆಲ್ಲ ಸೋಫಾದ ಮೇಲೆ ಕಳೆದ ನಾಯಿ ಮೊದಲ ದಿನ ಹುಚ್ಚು ಹುಮ್ಮಸ್ಸಿನಲ್ಲಿ ಓಡುತ್ತದೆ. ಎರಡನೆಯ ದಿನ ಗಾಡಿಯಿಂದ ಇಳಿಯಲು ಹಿಂದೆಮುಂದೆ ನೋಡುತ್ತದೆ. ಮೊದಲೆರಡು ವಾರ ಬೆಳಗಿನ ತಂಪಿನಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಸಾಕು, ವಾರಕ್ಕೆ ನಾಲ್ಕು ದಿನ. ಅಲ್ಲಿಂದ ಸ್ವಲ್ಪಸ್ವಲ್ಪವೇ ಏರಿಸುತ್ತಾ ಎಂಟನೆಯ ವಾರದ ಹೊತ್ತಿಗೆ ಒಂದೂವರೆ ಗಂಟೆ ಓಡಿಯೂ ಬಾಲ ಎತ್ತಿಕೊಂಡೇ ಬರುವಂತಿರಬೇಕು. ಸೆಕೆಯ ದಿನಗಳಲ್ಲಿ ಈಜಿಸುವುದು ಒಳ್ಳೆಯದು, ದಮ್ಮು ಬೆಳೆಯುತ್ತದೆ. ಆದರೆ ಆಗಸ್ಟಿನಲ್ಲಿ ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪಾಚಿ ಕಂಡರೆ ನಾಯಿಯನ್ನು ನೀರಿನ ಹತ್ತಿರಕ್ಕೂ ಬಿಡಬೇಡಿ. ಆ ನೀಲಿ-ಹಸಿರು ಪಾಚಿಯ ವಿಷ ಗಂಟೆಗಳಲ್ಲಿ ನಾಯಿಯನ್ನು ಕೊಲ್ಲಬಲ್ಲದು.

ಈಜಿನಿಂದ ಆಗದ ಕೆಲಸವೊಂದಿದೆ: ಅಂಗಾಲು ಗಟ್ಟಿಯಾಗುವುದು. ಪಾರ್ಕಿನ ಹುಲ್ಲುಹಾಸಿನ ಮೇಲೆ ಎಷ್ಟು ಓಡಿಸಿದರೂ ಅದು ಬರುವುದಿಲ್ಲ. ಜಲ್ಲಿ ರಸ್ತೆಯ ಮೇಲೆ, ಒಣಗಿದ ಕೂಳೆ ಹೊಲದಲ್ಲಿ, ದಿನಕ್ಕೆ ಸ್ವಲ್ಪ ಹೊತ್ತಿನಂತೆ ನಡೆಸಬೇಕು. ಬಿಸಿ ಡಾಂಬರಿನ ಮೇಲೆ ಬೇಡ. ನಿಮ್ಮ ಅಂಗೈಯನ್ನು ಐದಾರು ಸೆಕೆಂಡ್ ಅದರ ಮೇಲೆ ಇಡಲಾಗದಿದ್ದರೆ ನಾಯಿಯ ಕಾಲಿಗೂ ಅದು ಆಗದು. ಕಾಲಿಗೆ ಹಾಕುವ ರಬ್ಬರ್ ಬೂಟುಗಳನ್ನೂ ಮನೆಯಲ್ಲೇ ಅಭ್ಯಾಸ ಮಾಡಿಸಿ. ಮೊದಲ ಸಲ ಹಾಕಿದಾಗ ಪ್ರತಿಯೊಂದು ನಾಯಿಯೂ ಸರ್ಕಸ್ಸಿನ ಕುದುರೆಯಾಗುತ್ತದೆ. ಆ ನಾಟಕವೆಲ್ಲ ಮನೆಯಂಗಳದಲ್ಲೇ ಮುಗಿಯಲಿ.

ತೂಕದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಪಕ್ಕೆಲುಬು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗಬೇಕು. ಆಹಾರ ಸುಮಾರು 30 ಶೇಕಡಾ ಪ್ರೋಟೀನ್, 20 ಶೇಕಡಾ ಕೊಬ್ಬು ಇರುವಂಥದ್ದಾಗಲಿ, ಏಕೆಂದರೆ ದಿನಗಟ್ಟಲೆ ಓಡುವ ನಾಯಿಗೆ ಶಕ್ತಿ ಬರುವುದು ಹೆಚ್ಚಾಗಿ ಕೊಬ್ಬಿನಿಂದ. ಬ್ರ್ಯಾಂಡ್ ಬದಲಿಸುವುದಿದ್ದರೆ ಹೊರಡುವುದಕ್ಕೆ ಒಂದೆರಡು ತಿಂಗಳ ಮುಂಚೆ, ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ. ದಾರಿಯಲ್ಲಿ ಸಿಕ್ಕಿದ್ದನ್ನು ಕೊಂಡು ಹಾಕಿದರೆ ಮೋಟೆಲಿನ ಕಂಬಳಿಯ ಮೇಲೆ ಅದರ ಉತ್ತರ ಸಿಗುತ್ತದೆ. ಇಡೀ ಪ್ರವಾಸಕ್ಕಾಗುವಷ್ಟನ್ನು ಮನೆಯಿಂದಲೇ ಒಯ್ಯಿರಿ. ಊಟ ದಿನಕ್ಕೊಂದೇ ಸಲ, ಸಂಜೆ, ಓಟ ನಿಂತು ಒಂದು ಗಂಟೆಯಾದ ಮೇಲೆ. ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ; ಅದು ಶಸ್ತ್ರಚಿಕಿತ್ಸೆಯಿಲ್ಲದೆ ಬಗೆಹರಿಯುವುದಿಲ್ಲ. ಮಧ್ಯಾಹ್ನ ಒಂದು ಹಿಡಿ ತಿಂಡಿ ಕೊಡಬಹುದು.

ಹೊಸ ಪಾಠ ಕಲಿಸಲು ಪ್ರವಾಸ ಜಾಗವಲ್ಲ. ಕರೆದರೆ ಬರುವುದು, ನಿಲ್ಲು ಎಂದರೆ ನಿಲ್ಲುವುದು, ಇವೆರಡು ಮುಳ್ಳುಹಂದಿ ಎದುರಿಗಿದ್ದಾಗಲೂ ನಡೆಯುವಷ್ಟು ಪಕ್ಕಾ ಆಗಿರಬೇಕು. ಚೆನ್ನಿಗೆ ಎಲ್ಲ ಆಜ್ಞೆಗಳೂ ಕನ್ನಡದಲ್ಲೇ. ಅದರ ಲಾಭವೆಂದರೆ ಪಕ್ಕದ ಹೊಲದಲ್ಲಿ ಯಾರೋ ತಮ್ಮ ನಾಯಿಗೆ ಕೂಗಿದ್ದಕ್ಕೆ ಅವಳು ಕಿವಿಗೊಡುವುದಿಲ್ಲ.

ದಿನಗಳನ್ನು ಹಂಚುವುದು

ಮನುಷ್ಯ ಎಂಟು ಕಿಲೋಮೀಟರ್ ನಡೆದರೆ ಅಡ್ಡಡ್ಡ ಓಡುವ ನಾಯಿ ಅದರ ಮೂರು ನಾಲ್ಕು ಪಟ್ಟು ಓಡಿರುತ್ತದೆ. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದರೆ ಸಂಜೆ ಆ ಅಂಕಿ ಕಣ್ಣೆದುರಿಗೇ ಇರುತ್ತದೆ. ಆದ್ದರಿಂದ ಒಂದೇ ನಾಯಿ ಇರುವವರಿಗೆ ನನ್ನ ಸೂತ್ರ ಇದು: ಎರಡು ದಿನ ಬೇಟೆ, ಒಂದು ದಿನ ಬಿಡುವು. ಬೇಟೆಯ ದಿನವೂ ಬೆಳಿಗ್ಗೆ ಎರಡು ಗಂಟೆ, ಇಳಿಹೊತ್ತಿನಲ್ಲಿ ಒಂದೂವರೆ ಗಂಟೆ, ನಡುವೆ ನೆರಳಿನಲ್ಲಿ ನಿದ್ದೆ. ಹದಿನಾಲ್ಕು ದಿನದ ಪ್ರವಾಸದಲ್ಲಿ ಹೋಗಿಬರಲು ಎರಡು ದಿನ ತೆಗೆದರೆ ಬೇಟೆಗೆ ಎಂಟು, ಬಿಡುವಿಗೆ ನಾಲ್ಕು ಉಳಿಯುತ್ತದೆ. ಎರಡು ನಾಯಿ ಇದ್ದವರು ಸರದಿಯಲ್ಲಿ ಬಿಟ್ಟು ದಿನವಿಡೀ ಸುತ್ತಬಹುದು. ಆದರೆ ಗಾಡಿಯಲ್ಲಿ ಉಳಿದ ನಾಯಿ ತನ್ನ ಸರದಿ ಬರುವ ತನಕ ಅರಚಿ ಅರಚಿ ದಣಿಯುವಂಥದ್ದಾದರೆ ಆ ಲೆಕ್ಕ ಹಿಡಿಯಬೇಡಿ.

ಬಿಡುವಿನ ದಿನವನ್ನು ಹಾಳು ದಿನ ಎಂದುಕೊಳ್ಳುವವರೇ ಅದನ್ನು ಮೊದಲು ಕತ್ತರಿಸುವುದು. ನಾನು ಆ ದಿನಗಳಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಬಿಡಾರ ಬದಲಿಸುತ್ತೇನೆ, ಬಟ್ಟೆ ಒಗೆಯುತ್ತೇನೆ, ಮರುದಿನದ ಜಾಗಗಳನ್ನು ರಸ್ತೆಯಿಂದಲೇ ನೋಡಿಕೊಂಡು ಬರುತ್ತೇನೆ, ಹೊಲದ ಒಡೆಯರನ್ನು ಭೇಟಿಯಾಗುತ್ತೇನೆ. ಎರಡು ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಬಿಡಾರ ಸಾಕು. ದಿನವೂ ಕೋಣೆ ಬದಲಿಸುವವರ ಅರ್ಧ ಬೇಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಲೈಸೆನ್ಸಿನ ಲೆಕ್ಕವೂ ಇದಕ್ಕೆ ಹೊಂದಬೇಕು. ದಕ್ಷಿಣ ಡಕೋಟದಲ್ಲಿ ಹೊರರಾಜ್ಯದವರಿಗೆ ಕೊಡುವ ಸಣ್ಣಬೇಟೆಯ ಲೈಸೆನ್ಸ್ ತಲಾ ಐದು ದಿನಗಳ ಎರಡು ಅವಧಿಗೆ. ಎರಡು ಬೇಟೆ, ಒಂದು ಬಿಡುವು, ಮತ್ತೆ ಎರಡು ಬೇಟೆ: ಐದು ದಿನಕ್ಕೆ ಸರಿಯಾಗಿ ಕೂಡುತ್ತದೆ. ಎರಡು ಅವಧಿಗಳ ನಡುವೆ ಒಂದು ದಿನ ಖಾಲಿ ಬಿಟ್ಟರೆ ನಾಯಿಗೂ ಹಿತ, ಕಾನೂನಿಗೂ ಸರಿ. ಉತ್ತರ ಡಕೋಟದಲ್ಲಿ ಹದಿನಾಲ್ಕು ದಿನ ಒಟ್ಟಿಗೆ ಅಥವಾ ಏಳೇಳು ದಿನಗಳ ಎರಡು ಕಂತು ಎಂದು ಆರಿಸಿಕೊಳ್ಳಬಹುದು.

ಯಾವಾಗ, ಎಲ್ಲಿಗೆ

ಮೊಂಟಾನಾದಲ್ಲಿ ಗ್ರೌಸ್ ಮತ್ತು ಪಾರ್ಟ್ರಿಜ್ ಎಂಬ ಕೋಳಿಜಾತಿಯ ನೆಲದ ಹಕ್ಕಿಗಳ ಹಂಗಾಮು ಸೆಪ್ಟೆಂಬರ್ 1ಕ್ಕೇ ತೆರೆಯುತ್ತದೆ. ಆಗ ಮರಿಹಕ್ಕಿಗಳು ನಾಯಿಯ ಎದುರು ಅಲುಗದೆ ಕೂರುತ್ತವೆ, ಹತ್ತಿರ ಹೋಗುವ ತನಕ ಏಳುವುದಿಲ್ಲ. ಆಸೆ ಹುಟ್ಟಿಸುವ ಮಾತೇ. ಆದರೆ ಅದೇ ವಾರಗಳಲ್ಲಿ ಬಿಸಿಲು 30 ಡಿಗ್ರಿ ದಾಟುವುದುಂಟು, ಮೊಂಟಾನಾ ಮತ್ತು ಎರಡೂ ಡಕೋಟಗಳ ಪಶ್ಚಿಮ ಭಾಗದಲ್ಲಿ ರ್ಯಾಟಲ್ ಹಾವುಗಳು ಇನ್ನೂ ಓಡಾಡುತ್ತಿರುತ್ತವೆ. ದೂರದಿಂದ ಬಂದು, ಒಂದೇ ನಾಯಿಯನ್ನು ನಂಬಿಕೊಂಡವರು ಈ ತಿಂಗಳ ಮೊದಲಾರ್ಧವನ್ನು ಸ್ಥಳೀಯರಿಗೇ ಬಿಡಿ. ಸೆಪ್ಟೆಂಬರ್ ಕಡೆಯ ವಾರದಿಂದ ಅಕ್ಟೋಬರ್ ನಡುವಿನ ತನಕ ಬೆಳಿಗ್ಗೆ ಇಬ್ಬನಿ ಇರುತ್ತದೆ, ವಾಸನೆ ನಿಲ್ಲುತ್ತದೆ, ನಾಯಿಗೆ ದಮ್ಮು ಉಳಿಯುತ್ತದೆ. ಆ ದಿನಗಳಲ್ಲೂ 21 ಡಿಗ್ರಿ ದಾಟಿದರೆ ನಾನು ಅಲ್ಲಿಗೆ ನಿಲ್ಲಿಸುತ್ತೇನೆ.

ಉದ್ದಬಾಲದ, ಕೋಳಿಜಾತಿಯದೇ ಆದ ಫೆಸೆಂಟ್ ಬೇಕೆನ್ನುವವರಿಗೆ ದಕ್ಷಿಣ ಡಕೋಟವೇ ಕಾಶಿ. ಅಲ್ಲಿ ಹಂಗಾಮು ಅಕ್ಟೋಬರಿನ ಮೂರನೆಯ ಶನಿವಾರ ತೆರೆಯುತ್ತದೆ. ಆ ವಾರಾಂತ್ಯ ಮೋಟೆಲುಗಳಲ್ಲಿ ಜಾಗವಿರುವುದಿಲ್ಲ, ಹೊಲಗಳಲ್ಲಿ ಜೋಳದ ಬೆಳೆ ಇನ್ನೂ ನಿಂತಿರುತ್ತದೆ, ಹಕ್ಕಿಗಳೆಲ್ಲ ಅದರೊಳಗೆ. ನವೆಂಬರಿನ ಮೊದಲೆರಡು ವಾರ ನನ್ನ ಆಯ್ಕೆ: ಕಟಾವು ಬಹುಪಾಲು ಮುಗಿದಿರುತ್ತದೆ, ಜನ ಕರಗಿರುತ್ತಾರೆ. ದಿನಕ್ಕೆ ಮೂರು ಹುಂಜ, ಹೇಂಟೆಯನ್ನು ಮುಟ್ಟುವಂತಿಲ್ಲ. ಬೆಳಿಗ್ಗೆ 10 ಗಂಟೆಗೆ ಮೊದಲು ಫೆಸೆಂಟಿಗೆ ಗುಂಡು ಹಾರಿಸುವಂತಿಲ್ಲ, ಮತ್ತು ಈ 10 ಗಂಟೆ ರಾಜ್ಯದ ಪೂರ್ವ ಭಾಗದ ಸೆಂಟ್ರಲ್ ವೇಳೆಯದು. ಪಶ್ಚಿಮ ಭಾಗದ ಮೌಂಟನ್ ವೇಳೆಯಲ್ಲಿ ಗಡಿಯಾರ ಆಗ 9 ತೋರಿಸುತ್ತಿರುತ್ತದೆ. ಅಂದ ಹಾಗೆ ಈ ಹಕ್ಕಿ ಇಲ್ಲಿಯದೇ ಅಲ್ಲ. 1880ರ ದಶಕದಲ್ಲಿ ಚೀನಾದಿಂದ ಆರೆಗಾನ್‌ಗೆ ತಂದು ಬಿಟ್ಟದ್ದು. ದಕ್ಷಿಣ ಡಕೋಟದಲ್ಲಿ ಇದರ ಮೊದಲ ಹಂಗಾಮು 1919ರಲ್ಲಿ, ಸ್ಪಿಂಕ್ ಕೌಂಟಿಯಲ್ಲಿ, ಒಂದೇ ಒಂದು ದಿನ. ಈಗ ಅದು ಆ ರಾಜ್ಯದ ಅಧಿಕೃತ ಪಕ್ಷಿ. ವಲಸೆ ಬಂದವರ ಪೈಕಿ ಇಷ್ಟು ಬೇಗ ಪೌರತ್ವ ಸಿಕ್ಕಿದ್ದು ಬಹುಶಃ ಇದಕ್ಕೇ.

ನೆಲದ ವಿಷಯದಲ್ಲಿ ಮೂರೂ ರಾಜ್ಯಗಳಲ್ಲಿ ಒಳ್ಳೆಯ ವ್ಯವಸ್ಥೆಯಿದೆ. ಖಾಸಗಿ ಹೊಲಗಳನ್ನು ಸರ್ಕಾರವೇ ಹಣ ಕೊಟ್ಟು ಬೇಟೆಗಾರರಿಗೆ ತೆರೆದಿರುತ್ತದೆ. ಉತ್ತರ ಡಕೋಟದಲ್ಲಿ ಇವುಗಳ ಹೆಸರು ಪ್ಲಾಟ್ಸ್, ದಕ್ಷಿಣದಲ್ಲಿ ವಾಕ್-ಇನ್ ಏರಿಯಾ, ಮೊಂಟಾನಾದಲ್ಲಿ ಬ್ಲಾಕ್ ಮ್ಯಾನೇಜ್‌ಮೆಂಟ್. ಮೊಂಟಾನಾದವುಗಳಲ್ಲಿ ಕೆಲವಕ್ಕೆ ಗೇಟಿನ ಬಳಿಯ ಪೆಟ್ಟಿಗೆಯಲ್ಲಿ ಚೀಟಿ ಬರೆದು ಹಾಕಿದರೆ ಸಾಕು, ಇನ್ನು ಕೆಲವಕ್ಕೆ ಮೊದಲೇ ಅನುಮತಿ ಕಾದಿರಿಸಬೇಕು. ಉತ್ತರ ಡಕೋಟದಲ್ಲಿ ಫೆಸೆಂಟ್ ಹಂಗಾಮಿನ ಮೊದಲ ವಾರ ಹೊರರಾಜ್ಯದವರಿಗೆ ಪ್ಲಾಟ್ಸ್ ನೆಲ ನಿಷಿದ್ಧ. ಟಿಕೆಟ್ ಮಾಡುವ ಮುನ್ನ ಇದನ್ನು ನೋಡಿಕೊಳ್ಳಿ. ಸಿಆರ್‌ಪಿ ಎಂಬ ಹೆಸರು ಕೇಳಿ ಒಳಗೆ ನುಗ್ಗಬೇಡಿ. ಅದು 1985ರ ಕೃಷಿ ಕಾಯ್ದೆಯಲ್ಲಿ ಶುರುವಾದ, ಹೊಲವನ್ನು ಹುಲ್ಲಿಗೆ ಬಿಟ್ಟ ರೈತರಿಗೆ ಹಣ ಕೊಡುವ ಯೋಜನೆ. ಹುಲ್ಲು ಬೆಳೆದಿರುವುದರಿಂದ ನೆಲ ಸಾರ್ವಜನಿಕವಾಗುವುದಿಲ್ಲ.

ನಕ್ಷೆಯನ್ನು ಮನೆಯಲ್ಲೇ, ಹೊರಡುವ ಮುಂಚೆ ಓದಬೇಕು. ಆನ್‌ಎಕ್ಸ್‌ನಂಥ ಆ್ಯಪ್‌ನಲ್ಲಿ ಯಾವ ನೆಲ ಯಾರದು ಎಂದು ಗೆರೆ ಸಮೇತ ಕಾಣುತ್ತದೆ. ಮೊಬೈಲ್ ಸಿಗ್ನಲ್ ಸಿಗದ ಕಡೆಗೂ ಆಗುವಂತೆ ನಕ್ಷೆಯನ್ನು ಇಳಿಸಿಟ್ಟುಕೊಳ್ಳಿ. ನಾನು ಹುಡುಕುವುದು ಹುಲ್ಲು ಮತ್ತು ಧಾನ್ಯದ ಹೊಲ ಒಂದಕ್ಕೊಂದು ತಾಗುವ ಅಂಚುಗಳನ್ನು, ಅದೂ ಹೆದ್ದಾರಿಯಿಂದ ದೂರದ ಕಡೆ. ರಸ್ತೆ ಬದಿಯ ಚಿಕ್ಕ ತುಂಡುಗಳನ್ನು ಎಲ್ಲರೂ ತುಳಿದಿರುತ್ತಾರೆ. ಒಂದು ಬಿಡಾರಕ್ಕೆ ಹತ್ತು ಹನ್ನೆರಡು ಜಾಗ ಗುರುತು ಮಾಡಿದರೆ ಅದರಲ್ಲಿ ಅರ್ಧದಷ್ಟು ಪ್ರಯೋಜನಕ್ಕೆ ಬರುತ್ತವೆ. ಮಿಕ್ಕವನ್ನು ಯಾರೋ ದನ ಬಿಟ್ಟು ಮೇಯಿಸಿರುತ್ತಾರೆ, ಅಥವಾ ಅಲ್ಲಿ ಆಗಲೇ ಒಂದು ಗಾಡಿ ನಿಂತಿರುತ್ತದೆ.

ಕಾಗದ ಪತ್ರ

ಮೊದಲ ಲೈಸೆನ್ಸಿಗೆ ಹಂಟರ್ ಎಜುಕೇಶನ್, ಅಂದರೆ ಬೇಟೆ ಸುರಕ್ಷತೆಯ ತರಗತಿಯ ಪ್ರಮಾಣಪತ್ರ ಬೇಕಾಗಬಹುದು; ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ತರಗತಿಯನ್ನು ಬೇಸಿಗೆಯಲ್ಲೇ ಮುಗಿಸಿ. ನಮ್ಮವರಿಗೆ ಇನ್ನೂ ಮುಖ್ಯವಾದ ಸಂಗತಿ ವೀಸಾ. ಹಸಿರು ಕಾರ್ಡ್ ಇದ್ದವರಿಗೆ ತೊಂದರೆಯಿಲ್ಲ. ಎಚ್‌-1ಬಿ, ಎಫ್‌-1ರಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೊಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರುವುದು ಆ ನಿಷೇಧಕ್ಕಿರುವ ವಿನಾಯಿತಿಗಳಲ್ಲಿ ಒಂದು. ಅಂದರೆ ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಸ್ನೇಹಿತರ ಕೋವಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೂ ಇದೇ ಕ್ರಮ. ಲೈಸೆನ್ಸಿನ ಅವಧಿ ಮುಗಿದ ಮರುದಿನ ಮನೆಯ ಕಪಾಟಿನಲ್ಲಿರುವ ಕೋವಿಯ ಗತಿ ಏನು ಎಂಬುದನ್ನೂ ವಲಸೆ ಕಾನೂನು ಬಲ್ಲ ವಕೀಲರ ಬಳಿ ಒಮ್ಮೆ ಕೇಳಿ. ವಕೀಲರ ಒಂದು ಗಂಟೆಯ ಶುಲ್ಕಕ್ಕೆ ಹಿಂಜರಿದು ವರ್ಷಗಟ್ಟಲೆ ಕಾದ ಕಾಗದವನ್ನು ಪಣಕ್ಕಿಡುವುದು ಜಾಣತನವಲ್ಲ.

ನಾಯಿಯ ಕಾಗದಗಳು: ರೇಬೀಸ್ ಲಸಿಕೆಯ ಪ್ರಮಾಣಪತ್ರ, ಪಶುವೈದ್ಯರು ಕೊಟ್ಟ ಆರೋಗ್ಯ ಪತ್ರ, ಮೈಕ್ರೋಚಿಪ್ ಸಂಖ್ಯೆ. ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಇರಲಿ, ಮನೆಯದಲ್ಲ, ಜೇಬಿನಲ್ಲಿರುವುದು.

ಖಾಸಗಿ ಹೊಲಕ್ಕೆ ಅನುಮತಿ ಕೇಳುವುದಕ್ಕೆ ಬಹಳ ಜನ ಹಿಂಜರಿಯುತ್ತಾರೆ. ನಮ್ಮ ಮೈಬಣ್ಣ, ನಮ್ಮ ಉಚ್ಚಾರಣೆ ಇಟ್ಟುಕೊಂಡು ಹತ್ತು ಮೈಲಿಗೊಂದು ಮನೆಯಿರುವ ಕಡೆ ಬಾಗಿಲು ತಟ್ಟುವುದು ಹೇಗೆ ಎಂಬ ಅಳುಕು ಸಹಜ. ಹಗಲಿನಲ್ಲೇ ಹೋಗಿ, ಊಟದ ಹೊತ್ತನ್ನು ಬಿಡಿ. ಕೋವಿ ಗಾಡಿಯಲ್ಲಿ, ಕಿತ್ತಳೆ ಜಾಕೆಟ್ ಕಳಚಿ, ಟೋಪಿ ಕೈಯಲ್ಲಿ. ಯಾರು, ಎಲ್ಲಿಂದ ಬಂದದ್ದು, ಎಷ್ಟು ಜನ, ಯಾವ ಗಾಡಿ ಎಂದು ಅವರು ಕೇಳುವ ಮೊದಲೇ ಹೇಳಿ. ಬಹಳ ಸಲ ಮಾತು ನಿಮ್ಮಿಂದ ಗಾಡಿಯ ಕಿಟಕಿಯತ್ತ ಹೊರಳಿ, ಅಲ್ಲಿ ಮೂಗು ಚಾಚಿರುವ ನಾಯಿಯ ತಳಿ ಯಾವುದು ಎಂಬಲ್ಲಿಗೆ ಬರುತ್ತದೆ. ಅಲ್ಲಿಗೆ ಅರ್ಧ ಕೆಲಸ ಆದಂತೆಯೇ. ಇಲ್ಲ ಎಂದರೆ ವಂದನೆ ಹೇಳಿ ಹೊರಡಿ. ಹೌದೆಂದರೆ ದನದ ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ, ಸಂಜೆ ಹಿಂದಿರುಗುವಾಗ ಶುಚಿ ಮಾಡಿದ ಎರಡು ಹಕ್ಕಿ ಬೇಕೇ ಎಂದು ಕೇಳಿ.

ಹುಲ್ಲಿನೊಳಗೆ

ಯಾವಾಗಲೂ ಗಾಳಿಗೆ ಎದುರಾಗಿ ನಡೆಯಿರಿ. ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಗಾಳಿ ನೋಡಿಯೇ ತೀರ್ಮಾನವಾಗಬೇಕು. ಶಾರ್ಪ್‌ಟೇಲ್ ಗ್ರೌಸ್ ಬೆಳಿಗ್ಗೆ ದಿಬ್ಬಗಳ ನೆತ್ತಿಯ ಗಿಡ್ಡ ಹುಲ್ಲಿನಲ್ಲಿರುತ್ತದೆ. ಬಿಸಿಲೇರಿದ ಮೇಲೆ ಕಣಿವೆಯ ಸ್ನೋಬೆರಿ, ಬಫಲೋಬೆರಿ ಪೊದೆಗಳ ನೆರಳಿಗೆ ಇಳಿಯುತ್ತದೆ. ಇಲ್ಲಿನವರು ಹನ್ ಎಂದು ಕರೆಯುವ ಹಂಗೇರಿಯನ್ ಪಾರ್ಟ್ರಿಜ್ ಗೋಧಿಯ ಕೂಳೆ ಹೊಲದ ಅಂಚಿನಲ್ಲಿ, ಪಾಳುಬಿದ್ದ ಹಳೆಯ ಮನೆಗಳ ಸುತ್ತ. ನವೆಂಬರಿನ ಫೆಸೆಂಟ್ ಜೊಂಡು ತುಂಬಿದ ಜೌಗಿನಲ್ಲಿ.

ಚೆನ್ನಿ ಪೊದೆಯ ಅಂಚಿನಲ್ಲಿ ನಿಂತಾಗ ನಾನು ನೇರವಾಗಿ ಅವಳ ಹಿಂದಿನಿಂದ ಹೋಗುವುದಿಲ್ಲ. ಪಕ್ಕದಿಂದ, ಅವಳ ಕಣ್ಣಿಗೆ ಬೀಳುವಂತೆ ಸುತ್ತು ಹಾಕಿ ಮುಂದೆ ಬರುತ್ತೇನೆ. ಬಾಲ ಬಿಗಿಯಾಗಿದ್ದರೆ ಹಕ್ಕಿ ಅಲ್ಲೇ ಇದೆ. ಬಾಲದ ತುದಿ ಸಣ್ಣಗೆ ಅಲುಗುತ್ತಿದ್ದರೆ ಹಕ್ಕಿ ಹುಲ್ಲಿನಡಿ ನಡೆದು ಜಾರುತ್ತಿದೆ ಎಂದು ಅರ್ಥ. ಶಾರ್ಪ್‌ಟೇಲ್ ಒಂದು ಏಳುತ್ತದೆ, ನಕ್ಕಂತೆ ಕುಕ್-ಕುಕ್ ಎನ್ನುತ್ತಾ. ಎಲ್ಲರೂ ಅದಕ್ಕೇ ಎರಡೂ ನಳಿಗೆ ಖಾಲಿ ಮಾಡಿ, ತೋಟೆಗಾಗಿ ಜೇಬು ತಡಕುವಾಗ ಮತ್ತೊಂದು ಏಳುತ್ತದೆ, ಆಮೇಲೆ ಎರಡು ಒಟ್ಟಿಗೆ, ಕಡೆಗೆ ಕೋವಿ ಹೆಗಲಿಗೆ ಹೋದ ಮೇಲೆ ಒಂದು. ಆದ್ದರಿಂದ ಗುಂಡು ಹಾರಿಸಿದ ಜಾಗದಲ್ಲೇ ನಿಂತು ಮೊದಲು ತೋಟೆ ತುಂಬಿ. ನೆಲಕ್ಕೆ ಹತ್ತಿರವಾಗಿ ಹಾರುವ ಹಕ್ಕಿಗೆ ಎಂದಿಗೂ ಗುರಿಯಿಡಬೇಡಿ. ನಾಯಿ ಅದರ ಹಿಂದೆಯೇ ಇರುತ್ತದೆ. ರೆಕ್ಕೆಯ ಹಿಂದೆ ಆಕಾಶ ಕಾಣದಿದ್ದರೆ ಗುಂಡಿಲ್ಲ ಎಂಬುದು ಜೊತೆಗೆ ಬರುವವರಿಗೆಲ್ಲ ನನ್ನ ಷರತ್ತು.

ನೀರನ್ನು ನಾಯಿ ಕೇಳುವ ಮೊದಲೇ ಕೊಡಿ. ಎರಡು ಗಂಟೆಯ ಸುತ್ತಿಗೆ ನಾನು ಅವಳೊಬ್ಬಳಿಗೇ ಎರಡು ಲೀಟರ್ ಹೊರುತ್ತೇನೆ. ಭಾರ ನಿಜ, ಆದರೆ ಆ ಬೆಟ್ಟಗಳಲ್ಲಿ ದನದ ತೊಟ್ಟಿ ಸಿಗುತ್ತದೆ ಎಂದು ನಂಬಿ ಹೋಗುವಂತಿಲ್ಲ.

ಸಂಜೆಯ ತಪಾಸಣೆ

ಇಡೀ ಪ್ರವಾಸದಲ್ಲಿ ಬಿಡಲೇಬಾರದ ಕೆಲಸ ಒಂದಿದ್ದರೆ ಇದು. ಕೋಣೆಗೆ ಬಂದೊಡನೆ, ನಿಮ್ಮ ಬೂಟು ಬಿಚ್ಚುವುದಕ್ಕೂ ಮೊದಲು, ಟವೆಲ್ ಹಾಸಿ ನಾಯಿಯನ್ನು ಅಡ್ಡ ಮಲಗಿಸಿ, ಹಣೆಗೆ ಹೆಡ್‌ಲ್ಯಾಂಪ್ ಕಟ್ಟಿಕೊಳ್ಳಿ. ಮುಂಗಾಲಿನಿಂದ ಶುರು. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ನಡುವಿನ ಚರ್ಮ ನೋಡಿ: ಅಲ್ಲಿ ಸಣ್ಣ ಕೆಂಪು ಗುಳ್ಳೆ ಇದ್ದರೆ ಅದರೊಳಗೆ ಹುಲ್ಲಿನ ಊಬು ಇರಬಹುದು. ಈ ಊಬಿನ ಸ್ವಭಾವವೇ ಕೆಟ್ಟದ್ದು, ಅದರ ಸೂಕ್ಷ್ಮ ಮುಳ್ಳುಗಳೆಲ್ಲ ಒಂದೇ ಕಡೆಗೆ ಬಾಗಿರುವುದರಿಂದ ಮುಂದಕ್ಕೆ ಮಾತ್ರ ಚಲಿಸುತ್ತದೆ, ಹಿಂದಕ್ಕೆ ಬರುವುದಿಲ್ಲ. ಚರ್ಮದಲ್ಲಿ ಹೊಕ್ಕಿದ್ದು ಮಾಂಸಕ್ಕೆ, ಮೂಗಿನಲ್ಲಿ ಎಳೆದುಕೊಂಡಿದ್ದು ಶ್ವಾಸಕೋಶಕ್ಕೆ ಹೋಗಬಲ್ಲದು. ಆಮೇಲೆ ಅಂಗಾಲಿನ ಮೆತ್ತೆ: ಅಂಚು ಎದ್ದಿದೆಯೇ, ಬಿರುಕಿದೆಯೇ. ಕಂಕುಳಲ್ಲಿ ಕೈ ಹಾಕಿ ಗಂಟಾದ ಕೂದಲು, ಮುಳ್ಳುಗಾಯಿ ಇದ್ದರೆ ಕತ್ತರಿಸಿ. ರಾತ್ರಿ ಬಿಟ್ಟರೆ ಬೆಳಿಗ್ಗೆ ಅಲ್ಲಿ ಹಸಿಗಾಯ. ಕಿವಿಯ ಒಳಗೆ, ಕಿವಿಯ ಬುಡದಲ್ಲಿ ರಕ್ತ ಹೀರುವ ಉಣ್ಣೆ ಇದೆಯೇ. ತುಟಿ ಎತ್ತಿ ಒಸಡು. ಕಡೆಗೆ ಕಣ್ಣು: ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಎಳೆದರೆ ದಿನವಿಡೀ ಮುಖಕ್ಕೆ ಹೊಡೆದ ಹುಲ್ಲಿನ ಬೀಜಗಳು ಸಾಲಾಗಿ ಕುಳಿತಿರುತ್ತವೆ. ಸಲೈನ್ ಹನಿಸಿ ತೊಳೆಯಿರಿ. ಇಪ್ಪತ್ತು ನಿಮಿಷದ ಕೆಲಸ. ಚೆನ್ನಿ ಇದರ ನಡುವೆಯೇ ಗೊರಕೆ ಹೊಡೆಯುತ್ತಾಳೆ.

ಔಷಧದ ಪೆಟ್ಟಿಗೆಯನ್ನು ನಿಮ್ಮ ಪಶುವೈದ್ಯರ ಜೊತೆ ಕುಳಿತು ತುಂಬಿಸಿ. ಇಕ್ಕಳ, ಉದ್ದಮೂಗಿನ ಫೋರ್ಸೆಪ್ಸ್, ಸಲೈನ್, ಗಾಜ್, ತನಗೇ ಅಂಟಿಕೊಳ್ಳುವ ಬ್ಯಾಂಡೇಜ್, ಥರ್ಮಾಮೀಟರ್ ಇರಲಿ. ನಿಮ್ಮ ಸ್ವಂತ ನೋವಿನ ಮಾತ್ರೆ ಐಬುಪ್ರೊಫೆನ್, ಪ್ಯಾರಸಿಟಮಾಲ್ ನಾಯಿಗೆ ವಿಷ. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಇನ್ನೂ ದೊಡ್ಡ ವಿಷ. ನಾಯಿಯ ಸಾಮಾನ್ಯ ತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಓಡಿದಾಗ ಏರುವುದು ಸಹಜ, ಆದರೆ 41ರ ಹತ್ತಿರವಿದ್ದು ಹೆಜ್ಜೆ ತಪ್ಪುತ್ತಿದ್ದರೆ ಮೊದಲು ಮೈಗೆಲ್ಲ ನೀರು ಹೊಯ್ದು ಗಾಳಿ ಹಾಕಿ, ಆಮೇಲೆ ಗಾಡಿ ಹೊರಡಿಸಿ. 39.5ಕ್ಕೆ ಇಳಿದ ಮೇಲೆ ತಣಿಸುವುದನ್ನು ನಿಲ್ಲಿಸಿ. ಮುಳ್ಳುಹಂದಿಯ ಮುಳ್ಳುಗಳನ್ನು ಕತ್ತರಿಸಿದರೆ ಸಡಿಲವಾಗುತ್ತವೆ ಎಂಬುದು ಸುಳ್ಳು. ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಬಾಯೊಳಗಿನದು ಅಥವಾ ಕೀಲಿನ ಬಳಿಯದು ವೈದ್ಯರಿಗೆ. ಹಾವು ಕಚ್ಚಿದರೆ ಕಟ್ಟು ಹಾಕುವುದು, ಕೊಯ್ಯುವುದು ಯಾವುದೂ ಬೇಡ, ನಾಯಿಯನ್ನು ಎತ್ತಿಕೊಂಡು ಹೋಗಿ. ಸ್ಕಂಕ್ ಎಂಬ ಕಾಡುಪ್ರಾಣಿ ನಾಯಿಯ ಮೇಲೆ ಚಿಮ್ಮಿಸುವ ದುರ್ವಾಸನೆಗೆ ಒಂದು ಲೀಟರ್ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಕಾಲು ಕಪ್ ಅಡಿಗೆ ಸೋಡಾ, ಒಂದು ಚಮಚ ಪಾತ್ರೆ ತೊಳೆಯುವ ದ್ರವ ಆಗಲೇ ಕಲಸಿ, ಕಣ್ಣಿಗೆ ತಾಗದಂತೆ ಮೈಗೆ ಹಚ್ಚಿ ತೊಳೆಯಿರಿ. ಮಿಕ್ಕಿದ್ದನ್ನು ಮುಚ್ಚಿದ ಬಾಟಲಿಯಲ್ಲಿ ಇಟ್ಟರೆ ಅದು ಸಿಡಿಯುತ್ತದೆ.

ಪ್ರತಿ ಬಿಡಾರಕ್ಕೂ ಹತ್ತಿರದ ಪಶುವೈದ್ಯರ ಹೆಸರು, ರಾತ್ರಿ ಹೊತ್ತಿನ ನಂಬರ್ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ, ಅವರು ನಾಯಿ ನೋಡುತ್ತಾರೋ ದನ ಮಾತ್ರವೋ ಎಂದು ಫೋನ್ ಮಾಡಿ ಕೇಳಿ. ಪೂರ್ವ ಮೊಂಟಾನಾದಲ್ಲಿ ತುರ್ತು ಚಿಕಿತ್ಸೆಗೆ ಎರಡು ಮೂರು ಗಂಟೆ ಓಡಿಸಬೇಕಾದ ಜಾಗಗಳಿವೆ. ಹಂಗಾಮು ಮುಂದುವರಿದಂತೆ ನರಿಗಳಿಗೆ, ತೋಳದಂಥದೇ ಚಿಕ್ಕ ಪ್ರಾಣಿಯಾದ ಕೊಯೊಟೆಗಳಿಗೆ ಹಾಕಿದ ತಂತಿಯ ಉರುಲುಗಳೂ ಇರುತ್ತವೆ. ಜಾಕೆಟಿನ ಜೇಬಿನಲ್ಲಿ ಕೇಬಲ್ ಕತ್ತರಿಸುವ ಇಕ್ಕಳ ಇರಲಿ.

ಗಾಡಿ, ಕೋವಿ

ಗಾಡಿಗೆ ಪೂರ್ಣ ಗಾತ್ರದ ಸ್ಟೆಪ್ನಿ, ಸಾಧ್ಯವಾದರೆ ಎರಡು. ಅಲ್ಲಿನ ಜಲ್ಲಿ ಟೈರನ್ನು ಕೊಯ್ಯುತ್ತದೆ. ಮಳೆ ಬಂದ ಮೇಲೆ ಮಣ್ಣಿನ ರಸ್ತೆಗೆ ಇಳಿಯಲೇಬೇಡಿ. ಗಂಬೊ ಎಂದು ಅವರು ಕರೆಯುವ ಆ ಜೇಡಿಮಣ್ಣು ಚಕ್ರಕ್ಕೆ ಸುತ್ತಿಕೊಂಡು ಮಡ್‌ಗಾರ್ಡ್ ತುಂಬಿಬಿಡುತ್ತದೆ, ಫೋರ್ ವೀಲ್ ಡ್ರೈವ್‌ನ ಆಟವೂ ಅದರ ಮುಂದೆ ನಡೆಯುವುದಿಲ್ಲ. ಒಣಗಿದ ಎತ್ತರದ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಬಿಸಿ ಸೈಲೆನ್ಸರ್‌ಗೆ ಹುಲ್ಲು ಹೊತ್ತಿಕೊಳ್ಳುತ್ತದೆ. ನಾಯಿಯ ಗೂಡನ್ನು ಬೆಲ್ಟಿನಿಂದ ಬಿಗಿಯಿರಿ.

ಕೋವಿ ಯಾವುದಾದರೂ ಆದೀತು, ಹಗುರಾಗಿದ್ದರೆ ಒಳ್ಳೆಯದು, ಎಂಟು ಕಿಲೋಮೀಟರ್ ಹೊರುವವರು ನೀವೇ. ಚರೆಯಲ್ಲಿ ಮಾತ್ರ ಎಚ್ಚರ: ಕೇಂದ್ರ ಸರ್ಕಾರ ಬಾತುಕೋಳಿಗಳಿಗೆಂದು ಕಾದಿಟ್ಟ ನೆಲಗಳಲ್ಲಿ, ದಕ್ಷಿಣ ಡಕೋಟದ ಬಹುಪಾಲು ಸಾರ್ವಜನಿಕ ನೆಲಗಳಲ್ಲಿ ಸೀಸದ ಚರೆ ನಿಷಿದ್ಧ. ಎರಡು ಬಗೆಯ ತೋಟೆ ಇಟ್ಟುಕೊಂಡು ಗೊಂದಲ ಮಾಡಿಕೊಳ್ಳುವ ಬದಲು ನಾನು ಎಲ್ಲ ಕಡೆಗೂ ಸ್ಟೀಲ್ ಚರೆಯನ್ನೇ ಒಯ್ಯುತ್ತೇನೆ. ಅಜ್ಜನ ಕಾಲದ ಕೋವಿಯಾದರೆ ಸ್ಟೀಲ್ ನಳಿಗೆಯನ್ನು ಕೆಡಿಸುತ್ತದೆ. ಅದಕ್ಕೆ ಬಿಸ್ಮತ್ ತೋಟೆ ಬಳಸಿ.

ಹಕ್ಕಿಗಳು, ಮರಳುವ ದಾರಿ

ಸೆಕೆಯ ದಿನ ಹಕ್ಕಿಯ ಹೊಟ್ಟೆಯನ್ನು ಹೊಲದಲ್ಲೇ ತೆಗೆಯಿರಿ. ಕೋಣೆಯ ಬಚ್ಚಲಿನಲ್ಲಿ ಗರಿ ಕೀಳಬೇಡಿ. ಬೇಟೆಗಾರರು ಬರುವ ಊರುಗಳ ಬಹಳಷ್ಟು ಮೋಟೆಲುಗಳಲ್ಲಿ ಹೊರಗೆ ಅದಕ್ಕೆಂದೇ ಜಾಗವಿರುತ್ತದೆ, ಕೇಳಿ. ಶಾರ್ಪ್‌ಟೇಲ್ ಎದೆ ಕಡುಗೆಂಪು, ಹೆಚ್ಚು ಬೇಯಿಸಿದರೆ ಲಿವರ್‌ನಂತಾಗುತ್ತದೆ. ತಾಜಾ ಇರುವಾಗಲೇ ಬಿಸಿ ಬಾಣಲೆಯಲ್ಲಿ ಮೇಲ್ಮೇಲೆ ಹುರಿದು ತಿನ್ನಿ. ಮನೆಗೆ ಒಯ್ಯಲು ಫೆಸೆಂಟ್ ವಾಸಿ. ಸಾಗಿಸುವಾಗ ಹಕ್ಕಿ ಯಾವ ಜಾತಿ, ಹುಂಜವೇ ಎಂದು ಗುರುತಿಸುವಂತಿರಬೇಕು ಎಂಬ ನಿಯಮದ ವಿವರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನು ಎಲ್ಲದಕ್ಕೂ ಗರಿಸಮೇತ ಒಂದು ರೆಕ್ಕೆ, ಒಂದು ಕಾಲು ಎರಡನ್ನೂ ಬಿಟ್ಟಿರುತ್ತೇನೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿರುವುದೂ ನಿಮ್ಮ ಒಟ್ಟು ಮಿತಿಗೆ ಸೇರುತ್ತದೆ. ದಕ್ಷಿಣ ಡಕೋಟದಲ್ಲಿ ಅದು ಹದಿನೈದು ಫೆಸೆಂಟ್. ಒಂದು ರಾಜ್ಯದಲ್ಲಿ ನಿಯಮ ಮುರಿದು ಹೊಡೆದ ಹಕ್ಕಿಯನ್ನು ಗಡಿ ದಾಟಿಸಿದರೆ ಅದು ಲೇಸಿ ಕಾಯ್ದೆಯಡಿ ಕೇಂದ್ರದ ಅಪರಾಧ. ಪ್ರತಿ ಚೀಲದ ಮೇಲೆ ಹೆಸರು, ಲೈಸೆನ್ಸ್ ಸಂಖ್ಯೆ, ದಿನಾಂಕ ಬರೆಯಿರಿ.

ಮನೆಗೆ ಬಂದ ಮೇಲೆ ನಾಯಿಗೆ ಒಂದು ವಾರ ಪೂರ್ತಿ ವಿಶ್ರಾಂತಿ ಕೊಟ್ಟು, ಆಮೇಲೂ ಒಂದು ತಿಂಗಳು ಕಣ್ಣಿಟ್ಟಿರಿ. ಕಾರಣವಿಲ್ಲದ ಕೆಮ್ಮು, ಒಂದೇ ಹೊಳ್ಳೆಯಿಂದ ರಕ್ತ, ಪಕ್ಕೆಯಲ್ಲಿ ಮೆತ್ತಗಿನ ಊತ, ಬಂದು ಹೋಗುವ ಜ್ವರ ಇವುಗಳಲ್ಲಿ ಯಾವುದು ಕಂಡರೂ ಪಶುವೈದ್ಯರಿಗೆ ನಾಯಿ ಹುಲ್ಲುಗಾವಲಿನಲ್ಲಿ ದಿನಗಟ್ಟಲೆ ಓಡಿತ್ತು ಎಂದು ನೀವೇ ಬಾಯಿಬಿಟ್ಟು ಹೇಳಿ. ಊಬು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನೀವು ಹೇಳದಿದ್ದರೆ ನಗರದ ವೈದ್ಯರಿಗೆ ಅದನ್ನು ಹುಡುಕಬೇಕೆಂದೇ ಹೊಳೆಯುವುದಿಲ್ಲ.